ಕೊಟ್ಟಿಗೆಯ ಹಳೆಯ ಕಾರು, ಅಂಗಳಕ್ಕೆ ಬರಲಿರುವ ಗೂಡ್ಸ್ ಗಾಡಿ

ಗಾಡಿ ಕೊಳ್ಳುವ ವಿಚಾರ ಬಂದಾಗ ಬಹುಪಾಲು ಮನೆಗಳಲ್ಲಿ ಮೊದಲು ಮಾತು ನಡೆಯುತ್ತದೆ, ಮುಂಗಡ ಕೊಟ್ಟ ಮೇಲೆ ಲೆಕ್ಕ ಆರಂಭವಾಗುತ್ತದೆ. ಈ ಕ್ರಮ ತಿರುಗುಮುರುಗಾದುದೆಂಬುದು ಎಲ್ಲರಿಗೂ ತಿಳಿದಿದ್ದರೂ ಅದನ್ನು ನೇರ ಮಾಡುವವರು ವಿರಳ. ಮಳೆಯನ್ನೇ ನಂಬಿದ ರಾಯದುರ್ಗ, ಮಡಕಶಿರಾಗಳಂಥ ಸೀಮೆಯಲ್ಲಿ ಒಂದು ಗಾಡಿಯ ಸಾಲವೆಂದರೆ ಐದು ವರ್ಷಗಳ ಬೆಳೆಯನ್ನು ಮುಂದಾಗಿಯೇ ಅಡವಿಟ್ಟಂತೆ. ಆದಕಾರಣ ಈ ವಿಷಯವನ್ನು ಒಂದು ಮನೆಯ ಉದಾಹರಣೆಯೊಡನೆ ಕೊಂಚ ನಿಧಾನವಾಗಿ ನೋಡುವುದು ಒಳ್ಳೆಯದು.

ರಾಯದುರ್ಗದ ಸುತ್ತಿನ ಯಾವುದಾದರೂ ಹಳ್ಳಿಯ ಮನೆಯೊಂದನ್ನು ಊಹಿಸಿಕೊಳ್ಳಬಹುದು. ಎಂಟು ಎಕರೆ ಹೊಲ, ಮುಂಗಾರಿನಲ್ಲಿ ಶೇಂಗಾ. ಯಜಮಾನನಿಗೆ ಐವತ್ತರ ಸಮೀಪ. ಮಗ ಐಟಿಐಯಲ್ಲಿ ಮೋಟಾರು ಮೆಕ್ಯಾನಿಕ್ ತರಬೇತಿ ಮುಗಿಸಿದ್ದಾನೆ. ಮಗಳು ಕನ್ನಡ ಮಾಧ್ಯಮದ ಶಾಲೆಯಲ್ಲಿ ಒಂಬತ್ತನೆಯ ತರಗತಿ. ಕೊಟ್ಟಿಗೆಯ ಒಂದು ಮೂಲೆಯಲ್ಲಿ ಟಾರ್ಪಾಲು ಹೊದ್ದು ನಿಂತಿರುವುದು ತೀರಿಹೋದ ತಾತ ಸೆಕೆಂಡ್ ಹ್ಯಾಂಡ್ ಆಗಿ ಕೊಂಡಿದ್ದ ಎರಡು ಬಾಗಿಲಿನ ಡಾಲ್ಫಿನ್ ಕಾರು. ಕೈಯಲ್ಲಿ ಸ್ವಲ್ಪ ಉಳಿತಾಯವಿದೆ. ಆ ಹಣದಿಂದ ಕಾರನ್ನು ಮತ್ತೆ ಕಟ್ಟಿ ರಸ್ತೆಗಿಳಿಸಬೇಕೆಂಬುದು ಮಗನ ಆಸೆ. ಅದೇ ಹಣವನ್ನು ಮುಂಗಡವಾಗಿ ಕಟ್ಟಿ, ಉಳಿದುದಕ್ಕೆ ಸಾಲ ತೆಗೆದು ಒಂದು ಸಣ್ಣ ಗೂಡ್ಸ್ ಗಾಡಿ ತರಬೇಕೆಂಬುದು ತಂದೆಯ ಯೋಚನೆ.

“ಅಪ್ಪಾ, ಇಂಥ ಕಾರು ಈಗ ಹುಡುಕಿದರೂ ಸಿಗುವುದಿಲ್ಲ” ಎನ್ನುತ್ತಾನೆ ಮಗ.

“ಸಿಗದ ಕಾರು ಕಟ್ಟಿಕೊಂಡು ಏನು ಮಾಡುವುದಪ್ಪ? ಗಾಡಿ ಇದ್ದರೆ ನಾಲ್ಕು ಕಾಸು ಬರುತ್ತದೆ” ಎನ್ನುತ್ತಾನೆ ತಂದೆ.

ಅಜ್ಜಿ ನಡುವೆ ಬಾಯಿ ಹಾಕುವುದಿಲ್ಲ. ಆದರೆ ವಾರಕ್ಕೊಮ್ಮೆ ಆ ಟಾರ್ಪಾಲಿನ ಧೂಳು ಒರೆಸುವವಳು ಅವಳೇ.

ಮಗನ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಡಾಲ್ಫಿನ್ ಬೆಂಗಳೂರಿನ ಸಿಪಾನಿ ಸಂಸ್ಥೆಯ ಕಾರು. 1982ರಲ್ಲಿ ಮಾರುಕಟ್ಟೆಗೆ ಬಂತು. ಮೂಲ ವಿನ್ಯಾಸ ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಎಂಬ ಕಾರಿನದು. ಮೈ ತಗಡಿನದಲ್ಲ, ಫೈಬರ್‌ಗ್ಲಾಸಿನದು, 848 ಸಿ.ಸಿ.ಯ ಎಂಜಿನ್ ಅಲ್ಯೂಮಿನಿಯಮ್ಮಿನದು. ತೂಕ ಕಡಿಮೆಯಾದ್ದರಿಂದ ಚುರುಕಾಗಿ ಓಡುತ್ತಿತ್ತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಈ ಹಗುರತನವೇ ಅದನ್ನು ರ‍್ಯಾಲಿ, ರೇಸುಗಳ ಹುಡುಗರಿಗೆ ಪ್ರಿಯವಾಗಿಸಿತು. ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಅದರ ಮುಂದೆ ಡಾಲ್ಫಿನ್ ನಿಲ್ಲಲಿಲ್ಲ. ಹೀಗಾಗಿ ಅದು ಕರ್ನಾಟಕದಲ್ಲಿ ತಯಾರಾದ, ಬಹುಬೇಗ ಮರೆಯಾದ ಕಾರು. ಉಳಿದಿರುವವು ಕೆಲವೇ, ಉಳಿಸಬೇಕೆನ್ನುವುದು ತಪ್ಪಲ್ಲ.

ಉಳಿಸುವುದೆಂದರೇನೆಂಬುದು ಮಾತ್ರ ಬೇರೆ ಪ್ರಶ್ನೆ. ಹಳೆಯ ಕಾರನ್ನು ಕಟ್ಟುವವರು ಸಾಮಾನ್ಯವಾಗಿ ಬಣ್ಣದಿಂದ ಆರಂಭಿಸುತ್ತಾರೆ. ಕಣ್ಣಿಗೆ ಬೀಳುವುದು ಅದೇ. ಕೆಲಸದ ನಿಜವಾದ ಕ್ರಮ ಇದಕ್ಕೆ ವಿರುದ್ಧ. ಫೈಬರ್ ಮೈ ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಅದರ ಕೆಳಗಿನ ಚಾಸಿ ಉಕ್ಕಿನದು. ಮೈ ಹೊಳೆಯುತ್ತಿದ್ದರೂ ಚಾಸಿ ಒಳಗೊಳಗೇ ತಿಂದುಹೋಗಿರಬಹುದು. ಮೊದಲು ನೋಡಬೇಕಾದುದು ಅದನ್ನು. ಅನಂತರ ಬ್ರೇಕು. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಬ್ರೇಕಿನ ಸಿಲಿಂಡರುಗಳು ಕಚ್ಚಿಕೊಂಡಿರುತ್ತವೆ, ರಬ್ಬರುಗಳು ಬಿರಿದಿರುತ್ತವೆ. ಮೂರನೆಯದು ಪೆಟ್ರೋಲಿನ ದಾರಿ. ಟ್ಯಾಂಕಿನಲ್ಲಿ ಉಳಿದ ಹಳೆಯ ಪೆಟ್ರೋಲು ಅಂಟಾಗಿ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚಿರುತ್ತದೆ. ಈಗ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಎಥನಾಲು ನೀರನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರು ಕೊಳವೆಗಳನ್ನು ಕೆಡಿಸುತ್ತದೆ. ಆದುದರಿಂದ ಕೊಳವೆ, ವಾಷರುಗಳನ್ನೆಲ್ಲ ಹೊಸ ಬಗೆಯ ರಬ್ಬರಿನವಕ್ಕೆ ಬದಲಾಯಿಸಲೇಬೇಕು. ನಾಲ್ಕನೆಯದು ವೈರಿಂಗು, ಹೊದಿಕೆ ಪುಡಿಯಾದ ತಂತಿಗಳು ಬೆಂಕಿಗೆ ಆಹ್ವಾನ. ಎಂಜಿನ್ನನ್ನು ಬಿಚ್ಚಿ ಬೋರ್ ಮಾಡಿಸಿ ಪಿಸ್ಟನ್, ರಿಂಗು ಕೂರಿಸುವುದು ಅದರ ಮುಂದಿನ ಮಾತು. ಬಣ್ಣ ಎಲ್ಲಕ್ಕಿಂತ ಕೊನೆಯದು.

ಬಿಡಿಭಾಗಗಳ ತೊಂದರೆಯೇ ದೊಡ್ಡದು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನು ಸುತ್ತಿದರೂ ಎಂದೋ ನಿಂತುಹೋದ ಕಾರಿನ ಭಾಗಗಳು ಸುಲಭವಾಗಿ ಸಿಗುವುದಿಲ್ಲ. ಕೆಲವನ್ನು ಬೇರೆ ಕಾರುಗಳ ಭಾಗಗಳಿಂದ ಹೊಂದಿಸಬೇಕು, ಕೆಲವನ್ನು ಲೇತಿನಲ್ಲಿ ಮಾಡಿಸಬೇಕು. ಪರರ ಕೈಯಲ್ಲಿ ಈ ಕೆಲಸ ಮಾಡಿಸಿದರೆ ಕೂಲಿಗೆ ಮಿತಿಯಿಲ್ಲ; ಮೊದಲ ಅಂದಾಜಿನಲ್ಲಿ ಮುಗಿದ ಹಳೆಯ ಕಾರು ಅಪರೂಪ. ಸ್ವಂತ ಕೈಯಲ್ಲಿ ಮಾಡಿದರೆ ಖರ್ಚು ಇಳಿಯುತ್ತದೆ, ಜೊತೆಗೆ ವಿದ್ಯೆ ಬೆಳೆಯುತ್ತದೆ. ಹಾಗಾದರೆ ಹಳೆಯ ಕಾರಿನ ಮುಂದೆ ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಹಣ ಬೇಕೆಂಬುದಲ್ಲ, ಯಾರ ಕೈ ಅದನ್ನು ಕಟ್ಟುತ್ತದೆ ಎಂಬುದು. ಈ ಮನೆಯಲ್ಲಿ ಐಟಿಐ ಮುಗಿಸಿದ ಮಗನಿದ್ದಾನೆ. ಅದು ಕಾರಿನ ಪರವಾದ ಗಟ್ಟಿ ಮಾತು.

ಕಾಗದಪತ್ರಗಳನ್ನೂ ಮರೆಯುವಂತಿಲ್ಲ. ಸ್ವಂತ ಬಳಕೆಯ ಕಾರಿನ ನೋಂದಣಿ ಹದಿನೈದು ವರ್ಷಗಳವರೆಗೆ. ಅನಂತರ ತಪಾಸಣೆಗೆ ಒಪ್ಪಿಸಿ ಐದೈದು ವರ್ಷಗಳಿಗೆ ನವೀಕರಿಸಬೇಕು. ಇಪ್ಪತ್ತು ವರ್ಷ ದಾಟಿದ ಕಾರಿನ ನವೀಕರಣ ಶುಲ್ಕವನ್ನು ಕೇಂದ್ರ ಸರಕಾರ 2025ರ ಆಗಸ್ಟಿನಲ್ಲಿ 10,000 ರೂಪಾಯಿಗೆ ಏರಿಸಿದೆ. ಮಾಲೀಕರು ತೀರಿಹೋಗಿದ್ದರೆ ವಾರಸುದಾರರು ಮೂರು ತಿಂಗಳೊಳಗೆ ತಮ್ಮ ಹೆಸರಿಗೆ ವರ್ಗಾಯಿಸಲು ಅರ್ಜಿ ಕೊಡಬೇಕೆಂಬುದು ನಿಯಮ. ಎಷ್ಟೋ ಮನೆಗಳಲ್ಲಿ ಆರ್.ಸಿ. ಪುಸ್ತಕ ಇಂದಿಗೂ ತಾತನ ಹೆಸರಿನಲ್ಲೇ ಟ್ರಂಕಿನಲ್ಲಿರುತ್ತದೆ. “ವಿಂಟೇಜ್” ಎಂದು ನೋಂದಾಯಿಸಿದರೆ ಸಾಕೆಂದು ಕೆಲವರು ಹೇಳುವುದುಂಟು. 2021ರ ನಿಯಮದಂತೆ ಆ ಗೌರವ ಐವತ್ತು ವರ್ಷ ದಾಟಿದ, ಮೂಲರೂಪ ಕಳೆದುಕೊಳ್ಳದ ಗಾಡಿಗಳಿಗೆ ಮಾತ್ರ. 1982ರ ಡಾಲ್ಫಿನ್ನಿಗೂ ಅದು 2032ಕ್ಕಿಂತ ಮೊದಲು ದೊರೆಯದು. ದೊರೆತರೂ ನಿತ್ಯದ ಓಡಾಟಕ್ಕೆ ಅದನ್ನು ಬಳಸುವಂತಿಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳನ್ನು ನೋಡಿ ಬಂದವರು ಈ ಭಾಗದಲ್ಲಿಯೂ ಇದ್ದಾರೆ. ಅವು ಯಾರ ಹೊಟ್ಟೆಯನ್ನೂ ಹೊರೆಯಬೇಕಾಗಿಲ್ಲ ಎಂಬುದನ್ನು ನೆನಪಿಡಬೇಕು.

ಇನ್ನು ತಂದೆಯ ಕಡೆಯ ಮಾತು. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಸಣ್ಣ ಊರುಗಳ ಸರಕು ಸಾಗಣೆಯ ರೀತಿಯೇ ಬದಲಾಯಿತು. ಮುಕ್ಕಾಲು ಟನ್ ಹೊರುವ, ಇಕ್ಕಟ್ಟಿನ ಬೀದಿಯಲ್ಲೂ ತಿರುಗುವ ಆ ಗಾಡಿಗೆ ಜನ ಚೋಟಾ ಹಾಥಿ, ಎಂದರೆ ಚಿಕ್ಕ ಆನೆ ಎಂದು ಹೆಸರಿಟ್ಟರು. ಹೆಸರು ಪ್ರೀತಿಯಿಂದ ಇಟ್ಟದ್ದಾದರೂ ಅದರೊಳಗೆ ಒಂದು ಎಚ್ಚರಿಕೆಯೂ ಅಡಗಿದೆ. ಕೆಲಸವಿಲ್ಲದ ದಿನವೂ ಆನೆಗೆ ಮೇವು ಹಾಕಲೇಬೇಕು.

ಆ ಮೇವಿನ ಲೆಕ್ಕವನ್ನು ಉದಾಹರಣೆಯಾಗಿ ಹಾಕಬಹುದು. ಆರು ಲಕ್ಷ ರೂಪಾಯಿ ಸಾಲ, ವರ್ಷಕ್ಕೆ ಶೇ. 11ರ ಬಡ್ಡಿ, ಐದು ವರ್ಷದ ಅವಧಿ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 13,050 ರೂಪಾಯಿ. ಐದು ವರ್ಷಕ್ಕೆ ಕಟ್ಟುವುದು ಸುಮಾರು 7,83,000. ಅದರಲ್ಲಿ ಬಡ್ಡಿಯೇ 1,83,000. ವಿಮೆ, ಟೈರು, ಸರ್ವಿಸು, ತೆರಿಗೆಗಳಿಗೆಂದು ತಿಂಗಳಿಗೆ 6,000 ಎತ್ತಿಡಬೇಕೆಂದು ಇಟ್ಟುಕೊಳ್ಳೋಣ. ಒಟ್ಟು 19,050. ಡೀಸೆಲು, ಊಟ, ಹಮಾಲಿ ಕಳೆದು ದಿನಕ್ಕೆ 900 ರೂಪಾಯಿ ಉಳಿದರೆ, ಈ ಮೊತ್ತ ಕೂಡಲು ತಿಂಗಳಿಗೆ 22 ದಿನ ಗಾಡಿ ಓಡಬೇಕು. ಇಷ್ಟು ಓಡಿದರೂ ಗಾಡಿ ನಡೆಸಿದವನ ಕೂಲಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ. 22 ದಿನಗಳಾಚೆ ಓಡಿದ ದಿನದ ದುಡ್ಡು ಮಾತ್ರ ಮನೆಯದು.

ಸರಕು ಕಡಿಮೆಯಿರುವ ನಾಲ್ಕು ತಿಂಗಳು ಗಾಡಿ ತಿಂಗಳಿಗೆ 12 ದಿನವಷ್ಟೇ ಓಡಿತೆನ್ನಿ. ಆಗ ಬರುವುದು 10,800, ಕೊರತೆ 8,250. ನಾಲ್ಕು ತಿಂಗಳಿಗೆ ಕೊರತೆ 33,000 ರೂಪಾಯಿ. ಆ ಹಣ ಎಲ್ಲಿಂದ ಬರುತ್ತದೆಂಬುದಕ್ಕೆ ಉತ್ತರವಿಲ್ಲದಿದ್ದರೆ, ಅದು ಬರುವುದು ಮಗಳ ಕಾಲೇಜಿಗೆಂದು ಎತ್ತಿಟ್ಟ ಹಣದಿಂದಲೇ. ಒಂಬತ್ತನೆಯ ತರಗತಿಯ ಹುಡುಗಿ ಐದು ವರ್ಷದ ಕಂತು ಮುಗಿಯುವ ವೇಳೆಗೆ ಪದವಿ ತರಗತಿಯಲ್ಲಿರುತ್ತಾಳೆ. ಸಾಲದ ಐದು ವರ್ಷ, ಅವಳ ಓದಿನ ಐದು ವರ್ಷ ಎರಡೂ ಒಂದೇ. ಈ ಮಾತು ಗಾಡಿಯ ಚರ್ಚೆಯಲ್ಲಿ ಯಾರ ಬಾಯಿಂದಲೂ ಮೊದಲು ಬರುವುದಿಲ್ಲ.

ಹಾಗೆಂದು ಗಾಡಿ ಬೇಡವೆಂದಲ್ಲ. ಗಾಡಿಗೆ ಎಂಥ ಸರಕು ಸಿಗುತ್ತದೆಂಬುದರ ಮೇಲೆ ಎಲ್ಲವೂ ನಿಂತಿದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ರಾಯದುರ್ಗ ತಾಲ್ಲೂಕು ಆಂಧ್ರಕ್ಕೆ ಸೇರಿದರೂ ಇಲ್ಲಿನ ವ್ಯಾಪಾರದ ಮುಖ ಇಂದಿಗೂ ಬಳ್ಳಾರಿಯ ಕಡೆಗಿದೆ. ಶೇಂಗಾ ಜೂನ್–ಜುಲೈನಲ್ಲಿ ಬಿತ್ತುವ, ಅಕ್ಟೋಬರ್–ನವೆಂಬರಿನಲ್ಲಿ ಕೀಳುವ ಬೆಳೆ. ಅದನ್ನೇ ನಂಬಿದ ಗಾಡಿ ಸುಗ್ಗಿಯಲ್ಲಿ ಬಿಡುವಿಲ್ಲದೆ ಓಡಿ ಉಳಿದ ಕಾಲ ನೆರಳಿನಲ್ಲಿ ನಿಲ್ಲುತ್ತದೆ. ರಾಯದುರ್ಗದ ಸಿದ್ಧ ಉಡುಪಿನ ಕೆಲಸ ಬೇರೆ ಬಗೆಯದು. ಬಟ್ಟೆಯ ಗಂಟುಗಳು, ಹೊಲಿದ ಜೀನ್ಸ್ ಪ್ಯಾಂಟುಗಳ ಮೂಟೆಗಳು ಮಳೆಯ ಹಂಗಿಲ್ಲದೆ ಓಡಾಡುತ್ತವೆ. ಅಂಥ ಒಂದೆರಡು ಘಟಕಗಳೊಡನೆ ತಿಂಗಳಿಗಿಷ್ಟು ಬಾಡಿಗೆಯೆಂದು ಮೊದಲೇ ಮಾತಾಗಿದ್ದರೆ ಗಾಡಿಯ ಲೆಕ್ಕ ಗಟ್ಟಿಯಾಗುತ್ತದೆ. 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಮಡಕಶಿರಾ ಕಡೆಯವರಿಗೆ ಹಿಂದೂಪುರದ ಹುಣಸೆಹಣ್ಣಿನ ಮಾರುಕಟ್ಟೆ, ರೇಷ್ಮೆಗೂಡಿನ ಮಾರುಕಟ್ಟೆ ಹತ್ತಿರದವು. ಹುಣಸೆ ಬೇಸಿಗೆಯ ಸರಕು. ಗೂಡು ಹಾಗಲ್ಲ, ಹಿಪ್ಪುನೇರಳೆಗೆ ನೀರಿದ್ದರೆ ವರ್ಷದಲ್ಲಿ ಹಲವು ಬೆಳೆ ಬರುತ್ತದೆ, ಚಿಟ್ಟೆ ಹೊರಬರುವ ಮೊದಲು ಮಾರುಕಟ್ಟೆ ತಲುಪಲೇಬೇಕು. ಕಾಯಲಾರದ ಸರಕಿಗೆ ಬಾಡಿಗೆ ತಪ್ಪುವುದಿಲ್ಲ.

ಕಾನೂನು ಸಣ್ಣ ಗಾಡಿಗೆ ಕೆಲವು ಅನುಕೂಲಗಳನ್ನು ಕೊಟ್ಟಿದೆ. ಸರಕು ಸೇರಿ ಒಟ್ಟು ತೂಕ 3,000 ಕಿಲೋಗ್ರಾಂ ಮೀರದ ಗೂಡ್ಸ್ ಗಾಡಿಗೆ ಮೋಟಾರು ವಾಹನ ಕಾಯಿದೆಯ ಪ್ರಕಾರ ಪರ್ಮಿಟ್ ಬೇಕಿಲ್ಲ; ರಾಜ್ಯದ ಗಡಿಯನ್ನು ದಿನಕ್ಕೆರಡು ಬಾರಿ ದಾಟುವ ನಮ್ಮ ಭಾಗದವರಿಗೆ ಇದು ಸಣ್ಣ ಸಂಗತಿಯಲ್ಲ. ಕಾರಿನ ಲೈಸೆನ್ಸ್ ಇದ್ದವರು 7,500 ಕಿಲೋಗ್ರಾಂವರೆಗಿನ ಸಾರಿಗೆ ವಾಹನವನ್ನೂ ನಡೆಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರ್ಪಿತ್ತಿದೆ. ಆದರೆ ಫಿಟ್‌ನೆಸ್ ಪತ್ರವನ್ನು ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿವರ್ಷ ಪಡೆಯಬೇಕು. ಹೆಚ್ಚು ಭಾರ ಹೇರಿದರೆ 2019ರ ತಿದ್ದುಪಡಿಯಂತೆ ದಂಡ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ಬೇರೆ. ನಲವತ್ತು ಕಿಲೋದ ಹದಿನೆಂಟು ಮೂಟೆಗೆ ಮುಕ್ಕಾಲು ಟನ್ ಹೆಚ್ಚುಕಡಿಮೆ ತುಂಬಿತು. ಇಪ್ಪತ್ತೈದು ಮೂಟೆ ಹೇರಿ ಉಳಿಸಿದ ಒಂದು ಟ್ರಿಪ್ಪಿನ ಡೀಸೆಲು ಒಂದೇ ದಂಡದಲ್ಲಿ ಇಪ್ಪತ್ತು ಪಟ್ಟಾಗಿ ಹೋಗಬಹುದು.

ಶಾಲೆಯ ಮಕ್ಕಳಿರುವ ಮನೆಗಳು ಇನ್ನೊಂದನ್ನು ಗಮನಿಸಬೇಕು. ಕ್ರೀಡಾಕೂಟ, ಜಾತ್ರೆ, ಮದುವೆಗಳ ಕಾಲದಲ್ಲಿ ಗೂಡ್ಸ್ ಗಾಡಿಯ ಹಿಂದೆ ಮಕ್ಕಳನ್ನು ನಿಲ್ಲಿಸಿಕೊಂಡು ಹೋಗುವ ರೂಢಿ ಇದೆ. ಸರಕಿನ ಗಾಡಿ ಜನರನ್ನು ಹೊರಲು ಆದದ್ದಲ್ಲ. ಹಾಗೆ ಕುಳಿತು ಹೋದವರಿಗೆ ಅಪಘಾತವಾದರೆ ಆ ಹೊಣೆ ಗಾಡಿಯ ಮಾಲೀಕನ ಮೇಲೆ ಬೀಳುತ್ತದೆ. ವಿಮೆ ಕೈಹಿಡಿಯುತ್ತದೆಂದು ನಂಬಿ ಕೂರುವಂತಿಲ್ಲ. ಮನೆಗೆ ಗಾಡಿ ಬಂದ ದಿನವೇ “ಇದರ ಹಿಂದೆ ಮಕ್ಕಳು ಹತ್ತುವುದಿಲ್ಲ” ಎಂಬ ಕಟ್ಟಳೆಯೂ ಬರಬೇಕು. ಆಪ್ತರು ಕೇಳಿದಾಗ ಇಲ್ಲವೆನ್ನುವುದು ಕಷ್ಟ. ಆ ಕಷ್ಟವೂ ಗಾಡಿಯ ಬೆಲೆಯ ಒಂದು ಭಾಗವೇ.

ಇಷ್ಟು ನೋಡಿದ ಮೇಲೆ ಈ ಮನೆಯ ಚರ್ಚೆಯನ್ನು ಮತ್ತೆ ಕೇಳಿದರೆ ಅದರ ಸ್ವರೂಪವೇ ಬೇರೆಯಾಗಿ ತೋರುತ್ತದೆ. ಮಗನದು ಆಸೆ, ತಂದೆಯದು ಅಗತ್ಯ ಎಂದು ಮೇಲ್ನೋಟಕ್ಕೆ ಕಾಣುತ್ತದೆ. ಅದು ಪೂರ್ತಿ ನಿಜವಲ್ಲ. ಗಾಡಿಯಲ್ಲೂ ಆಸೆಯ ಪಾಲಿದೆ. ಪಕ್ಕದ ಮನೆಯ ಅಂಗಳದಲ್ಲಿ ಗಾಡಿ ನಿಂತಿದೆ, ಊರಿನಲ್ಲಿ ಮಾತಿಗೆ ಬೆಲೆ ಬಂದಿದೆ, ಆದಕಾರಣ ನಮಗೂ ಇರಲಿ ಎಂಬುದು ಅಗತ್ಯದ ವೇಷ ತೊಟ್ಟ ಆಸೆ. ಕಾರಿನಲ್ಲೂ ಅಗತ್ಯದ ಪಾಲಿದೆ. ಕಲಿತ ಕೆಲಸಕ್ಕೆ ಕೈಯಾಡಿಸಲು ಒಂದು ಎಂಜಿನ್ ಬೇಕಾದ ಹುಡುಗನಿಗೆ ಕೊಟ್ಟಿಗೆಯ ಆ ಕಾರೇ ಪಾಠಶಾಲೆ. ಆಸೆ ಯಾವುದು, ಅಗತ್ಯ ಯಾವುದು ಎಂದು ಬೇರ್ಪಡಿಸಲು ಮಾತು ಸಾಲದು. ಬರಹದ ಲೆಕ್ಕ ಬೇಕು.

ಆ ಲೆಕ್ಕಕ್ಕೆ ಒಂದು ಸರಳ ಆರಂಭವಿದೆ. ಕಳೆದ ವರ್ಷ ಮನೆಯ ಸರಕು ಸಾಗಿಸಲು ಕೊಟ್ಟ ಬಾಡಿಗೆ ಒಟ್ಟು ಎಷ್ಟು? ಗೊಬ್ಬರ ತಂದದ್ದು, ಬಿತ್ತನೆ ಬೀಜ ತಂದದ್ದು, ಶೇಂಗಾ ಬಳ್ಳಾರಿಗೆ ಒಯ್ದದ್ದು, ಮೇವು ತಂದದ್ದು ಎಲ್ಲ ಕೂಡಿಸಿ ನಲವತ್ತು ಸಾವಿರವಾಯಿತೆನ್ನಿ. ಮೇಲೆ ಹೇಳಿದ ಗಾಡಿಯ ಖರ್ಚು ವರ್ಷಕ್ಕೆ ಸುಮಾರು 2,28,600. ನಲವತ್ತು ಸಾವಿರದ ಬಾಡಿಗೆ ಉಳಿಸಲು ಯಾರೂ ಎರಡು ಲಕ್ಷದ ಮೇಲೆ ಖರ್ಚು ಮಾಡುವುದಿಲ್ಲ. ಹಾಗಾದರೆ ಈ ಮನೆ ಕೊಳ್ಳಹೊರಟಿರುವುದು ಗಾಡಿಯನ್ನಲ್ಲ, ಹೊಸದೊಂದು ದಂಧೆಯನ್ನು. ಸರಕಿಗಾಗಿ ಗಾಡಿಯೋ, ಗಾಡಿಗಾಗಿ ಸರಕು ಹುಡುಕುವುದೋ ಎಂಬ ಭೇದ ಇಲ್ಲಿದೆ. ದಂಧೆ ಮಾಡುವುದು ತಪ್ಪಲ್ಲ. ದಂಧೆಯೆಂದು ತಿಳಿಯದೆ ಅದರೊಳಗೆ ಇಳಿಯುವುದು ತಪ್ಪು.

ಬೇಕೆಂದರೆ ಒಂದು ಸುಗ್ಗಿಯ ಕಾಲ ಪರೀಕ್ಷೆ ಮಾಡಬಹುದು. ಊರಿನಲ್ಲಿರುವ ಗಾಡಿಯೊಂದನ್ನು ಬಾಡಿಗೆಗೆ ಗೊತ್ತುಮಾಡಿಕೊಂಡು, ನೆರೆಹೊರೆಯವರ ಸರಕನ್ನೂ ಉಡುಪಿನ ಘಟಕಗಳ ಗಂಟುಗಳನ್ನೂ ತಾವೇ ಮಾತಾಡಿ ಸಾಗಿಸಿ ನೋಡಬಹುದು. ಎಷ್ಟು ದಿನ ಸರಕು ಸಿಕ್ಕಿತು, ಎಷ್ಟು ದಿನ ಬರಿಗಾಡಿ ಹಿಂದಿರುಗಿತು, ಬಾಕಿ ಉಳಿಸಿಕೊಂಡವರು ಯಾರು ಎಂಬುದನ್ನು ನೋಟುಪುಸ್ತಕದಲ್ಲಿ ಬರೆದಿಡಬೇಕು. ಆರು ತಿಂಗಳ ಆ ಪುಸ್ತಕ ಯಾವ ಷೋರೂಮಿನ ಮಾತಿಗಿಂತಲೂ ನಂಬಲರ್ಹ. ಅದೇ ಆರು ತಿಂಗಳಲ್ಲಿ ಮಗ ಕಾರಿಗೆ ಹೆಚ್ಚು ಹಣ ಹಾಕದೆ, ಕೆಡುವುದನ್ನು ತಡೆಯುವ ಕೆಲಸವಷ್ಟನ್ನು ಮಾಡಬಹುದು: ಕಾರನ್ನು ಕಲ್ಲುಗಳ ಮೇಲೆ ಎತ್ತಿ ನಿಲ್ಲಿಸುವುದು, ಟ್ಯಾಂಕು ಖಾಲಿ ಮಾಡುವುದು, ಚಾಸಿಯ ತುಕ್ಕು ಉಜ್ಜಿ ಪ್ರೈಮರ್ ಹೊಡೆಯುವುದು, ಸಿಲಿಂಡರುಗಳೊಳಗೆ ಎಣ್ಣೆ ಬಿಟ್ಟು ಎಂಜಿನ್ ಕೈಯಿಂದ ತಿರುಗುವುದೇ ಎಂದು ನೋಡುವುದು, ಇಲಿ ಸೇರದಂತೆ ಮುಚ್ಚುವುದು. ಚಾಸಿ ಉಳಿಯುವಂಥದಲ್ಲವೆಂದು ಆಗ ತಿಳಿದರೆ ಅದೂ ಲಾಭವೇ. ಬಣ್ಣ ಬಳಿದ ಮೇಲೆ ತಿಳಿಯುವುದಕ್ಕಿಂತ ಅದು ಮೇಲು. ಅಂಥ ಸಂದರ್ಭದಲ್ಲಿ ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿದರೆ ಸಿಗುವ ಪ್ರಮಾಣಪತ್ರದ ಆಧಾರದ ಮೇಲೆ ಹೊಸ ಗಾಡಿಯ ತೆರಿಗೆಯಲ್ಲಿ ರಿಯಾಯಿತಿಗೂ ನಿಯಮಗಳಲ್ಲಿ ಅವಕಾಶವಿದೆ.

ಒಂದು ಕಟ್ಟಳೆಯನ್ನು ಮಾತ್ರ ಯಾವ ಮನೆಯೂ ಸಡಿಲಿಸಬಾರದು. ಸಾಲದ ಹಣ ದುಡಿದು ತರುವುದಕ್ಕೆ ಮಾತ್ರ. ನೆನಪಿಗೆ, ಹವ್ಯಾಸಕ್ಕೆ ಕೈಯಲ್ಲಿ ಮಿಕ್ಕ ಹಣ ಮಾತ್ರ. ಸಾಲ ಮಾಡಿ ಹಳೆಯ ಕಾರು ಕಟ್ಟಿದವರು ಕೊನೆಗೆ ಕಟ್ಟಿದ ಕಾರನ್ನೇ ಮಾರಬೇಕಾಗುತ್ತದೆ. ಸರಕು ನೋಡದೆ ಸಾಲದಿಂದ ಗಾಡಿ ತಂದವರ ಗಾಡಿಯನ್ನು ಫೈನಾನ್ಸಿನವರು ಒಯ್ಯುತ್ತಾರೆ. ಎರಡರಲ್ಲೂ ಉಳಿಯುವುದು ಅಂಗಳದಲ್ಲಿ ಎಣ್ಣೆಯ ಕಲೆಯೊಂದೇ.

ಈ ಲೆಕ್ಕ ಬರೆಯಲು ದೂರ ಹೋಗಬೇಕಾಗಿಲ್ಲ. ಬಡ್ಡಿಯ ಲೆಕ್ಕ, ಶೇಕಡಾವಾರು, ಸರಾಸರಿಗಳನ್ನು ಮನೆಯ ಹುಡುಗಿ ಶಾಲೆಯಲ್ಲಿ ಕನ್ನಡದಲ್ಲೇ ಕಲಿತಿದ್ದಾಳೆ. ಪಠ್ಯಪುಸ್ತಕದ ಲೆಕ್ಕದಲ್ಲಿ ಹೆಸರಿಲ್ಲದ ವ್ಯಾಪಾರಿಯ ಸಾಲವನ್ನು ಬಿಡಿಸುವವಳು, ತನ್ನ ಮನೆಯ ಸಾಲವನ್ನೂ ಬಿಡಿಸಬಲ್ಲಳು. ಅವಳ ಮುಂದೆ ನೋಟುಪುಸ್ತಕ ಇಟ್ಟು ಕಂತು, ವಿಮೆ, ಬಾಡಿಗೆ, ಓಡಿದ ದಿನಗಳನ್ನು ಒಂದೊಂದಾಗಿ ಹೇಳಿದರೆ ಸಾಕು. ಕಾರಿನ ಪರ ಅಣ್ಣನೂ ಗಾಡಿಯ ಪರ ಅಪ್ಪನೂ ಎದುರುಬದುರು ಕುಳಿತಿರುವಾಗ, ಆ ಐದು ವರ್ಷಗಳು ತನ್ನವೂ ಹೌದೆಂಬುದನ್ನು ಬಲ್ಲ ಹುಡುಗಿ ಕೂಡಿಸಿ ಬರೆದ ಮೊತ್ತವನ್ನು ಇಬ್ಬರೂ ಒಪ್ಪಬೇಕಾಗುತ್ತದೆ. ಮುಂಗಡ ಕೊಡುವ ಮಾತು ಅದರ ಮರುದಿನಕ್ಕಿರಲಿ.